ಓದುಗರ ಪ್ರಶ್ನೆ: ಬೆಣ್ಣೆ ಕರಗೋಕೆ ಎಷ್ಟು ಚಿತ್ರ ಬೇಕು?

ಕಲಾ ಶಾಲೆ ಮುಗಿಸಿ ಫ್ರೀಲಾನ್ಸ್ ಅನಿಮೇಷನ್ ಮಾಡಬೇಕು ಅಂದುಕೊಂಡವರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಉತ್ತರಿಸಿದವರು ಮೈಸೂರಿನಲ್ಲಿ ಚಿತ್ರಕಲೆ ಓದಿ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ದುಡಿದು, ಈಗ ಮನೆಯಿಂದಲೇ ಕೆಲಸ ಮಾಡುತ್ತಿರುವ ಅನಿಮೇಟರ್.

ಪ್ರಶ್ನೆ: ಬಿವಿಎ (ದೃಶ್ಯಕಲೆ ಪದವಿ) ಮುಗಿಸಿದ್ದೇನೆ. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲ್‌ನವರು 30 ಸೆಕೆಂಡಿನ ಕಾರ್ಟೂನ್ ಜಾಹೀರಾತು ಮಾಡಿಕೊಡಿ, 5,000 ರೂಪಾಯಿ ಕೊಡ್ತೀವಿ ಅಂದಿದ್ದಾರೆ. ಮೊದಲ ಕೆಲಸ, ಬಿಡೋಕೆ ಮನಸ್ಸಿಲ್ಲ. ಒಪ್ಪಿಕೊಳ್ಳಲಾ ಮೇಡಂ?
– ಓದುಗಿ, ದಾವಣಗೆರೆ

ಒಂದು ಹಾಳೆ ತಗೊಳ್ಳಿ, ಮೊದಲು ಲೆಕ್ಕ ಹಾಕೋಣ. ಒಂದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. 30 ಸೆಕೆಂಡಿಗೆ 360 ಚಿತ್ರ ಆಯ್ತು. ರಫ್ ಗೆರೆ, ಅದನ್ನು ತಿದ್ದಿ ಬರೆಯೋ ಕ್ಲೀನಪ್, ಬಣ್ಣ ಎಲ್ಲ ಸೇರಿ ದಿನಕ್ಕೆ 20 ಚಿತ್ರ ಮುಗಿಸಿದರೂ 18 ದಿನ. ಸ್ಟೋರಿಬೋರ್ಡ್ (ಒಂದೊಂದು ಶಾಟ್‌ನ ಕರಡು ಚಿತ್ರ), ಅನಿಮ್ಯಾಟಿಕ್ (ಆ ಕರಡನ್ನೇ ಸಮಯಕ್ಕೆ ಜೋಡಿಸಿದ ವಿಡಿಯೋ), ಹಿನ್ನೆಲೆ, ಸೌಂಡ್ ಜೋಡಿಸೋಕೆ ಇನ್ನೊಂದು 5 ದಿನ. ಒಟ್ಟು 23. ಈಗ 5,000ವನ್ನು 23ರಿಂದ ಭಾಗಿಸಿ. ದಿನಕ್ಕೆ 217 ರೂಪಾಯಿ ಬರುತ್ತೆ. ಹೋಟೆಲ್ ಯಜಮಾನರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳೋದಿಲ್ಲ. ಅವರಿಗೆ 360 ಚಿತ್ರ ಅನ್ನೋದು ಗೊತ್ತೇ ಇಲ್ಲ. ಅದನ್ನು ಹೇಳಬೇಕಾದವರು ನೀವು.

ನಿಮ್ಮ ದಿನದ ರೇಟು ಎಷ್ಟು ಅನ್ನೋದನ್ನೂ ಇವತ್ತೇ ಗೊತ್ತು ಮಾಡಿಕೊಳ್ಳಿ. ಬಾಡಿಗೆ, ಊಟ, ಓಡಾಟಕ್ಕೆ ತಿಂಗಳಿಗೆ 18,000 ಅಂತ ಇಟ್ಟುಕೊಳ್ಳಿ. ಇಂಟರ್‌ನೆಟ್, ಕರೆಂಟು, ಯಂತ್ರದ ಸವಕಳಿಗೆ 4,000. ಉಳಿತಾಯಕ್ಕೆ 3,000. ಒಟ್ಟು 25,000 ಆಯ್ತಲ್ವಾ? ನೀವು ತಿಂಗಳಿಗೆ 25 ದಿನ ಕೂತು ದುಡಿದರೂ ದುಡ್ಡು ಬರೋ ದಿನ ಹನ್ನೆರಡು ಹದಿಮೂರು ಅಂತಲೇ ಹಿಡಿಯಿರಿ. ಉಳಿದ ದಿನ ಕೆಲಸ ಹುಡುಕೋದು, ಕೊಟೇಶನ್ ಬರೆಯೋದು, ಬಾಕಿ ಕೇಳೋದು, ಹೊಸದು ಕಲಿಯೋದರಲ್ಲೇ ಹೋಗುತ್ತೆ. ಹಾಗಾಗಿ ದಿನಕ್ಕೆ 2,000. ಇದು ನಿಮ್ಮ ಖರ್ಚಿನಿಂದ ಬಂದ ಅಂಕಿ. ಯಾರಾದರೂ 'ಜಾಸ್ತಿ ಆಯ್ತು' ಅಂದರೆ ನೀವು ಅಳುಕಬೇಕಾಗಿಲ್ಲ.

ಹೋಟೆಲ್‌ಗೆ ಹೋಗಿ ಮೂರು ದಾರಿ ಇಡಿ. ಪೂರ್ತಿ ಕೈಯಲ್ಲಿ ಬರೆದ 30 ಸೆಕೆಂಡಿಗೆ 46,000. ಎರಡನೆಯದರಲ್ಲಿ, ಮೂರು ಮೂರು ಸೆಕೆಂಡಿನ ಎರಡು ಶಾಟ್ ಮಾತ್ರ ಪೂರ್ತಿ ಚಲನೆ, ಅಂದರೆ 72 ಚಿತ್ರ. ಉಳಿದದ್ದು ನಿಂತ ಚಿತ್ರದ ಮೇಲೆ ಕ್ಯಾಮೆರಾ ಓಡಾಟ, ಅಕ್ಷರ, ದನಿ. ಹತ್ತು ದಿನದ ಕೆಲಸ, 20,000. ಇನ್ನು ಅವರ ಹತ್ತಿರ ಇರೋದೇ 5,000 ಅಂದರೆ, ಅಷ್ಟಕ್ಕೆ ಎರಡೂವರೆ ದಿನದ ಕೆಲಸ ಕೊಡಿ: ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವಂಥ ಎರಡು ಸೆಕೆಂಡಿನ ಲೂಪ್ (ಕೊನೆ ಮೊದಲಿಗೆ ಸೇರಿ ಮತ್ತೆ ಮತ್ತೆ ಓಡೋ ವಿಡಿಯೋ), ಬರೀ 24 ಚಿತ್ರ. ಕಾವಲಿ ಮೇಲಿನ ದೋಸೆ, ಅದರ ಮೇಲೆ ಬೆಣ್ಣೆ ಮುದ್ದೆ.

ನನ್ನ ಕೇಳಿದರೆ ಈ ಮೂರನೆಯದೇ ನಿಮಗೆ ಒಳ್ಳೆಯದು. ಆ 24 ಚಿತ್ರವನ್ನು ಮನಸಿಟ್ಟು ಮಾಡಿ. ಹೋಟೆಲ್‌ಗೇ ಹೋಗಿ ನಿಂತು ನೋಡಿ. ಮುದ್ದೆ ಬಿದ್ದ ಕೂಡಲೇ ಅಲ್ಲಾಡೋದಿಲ್ಲ, ಒಂದು ಕ್ಷಣ ಹಾಗೇ ಕೂರುತ್ತೆ. ಮೊದಲು ಕರಗೋದು ಬುಡ. ಮೇಲಿನ ಮೂಲೆ ಇನ್ನೂ ಗಟ್ಟಿಯಾಗೇ ಇರುತ್ತೆ. ಆಮೇಲೆ ಮುದ್ದೆ ಒಂದು ಕಡೆ ವಾಲಿ, ಜಾರಿ, ದೋಸೆಯ ತೂತುಗಳಿಗೆ ಇಳಿಯುತ್ತೆ. ಅಂದರೆ ಮೊದಲ ನಾಲ್ಕೈದು ಚಿತ್ರದಲ್ಲಿ ಮುದ್ದೆ ಇರೋ ಜಾಗ ಹತ್ತಿರ ಹತ್ತಿರ ಇರಬೇಕು. ಜಾರುವಾಗ ದೂರ ದೂರ. ಕೊನೆಯ ಚಿತ್ರಗಳಲ್ಲಿ ಹಬೆ ಎದ್ದು ದೋಸೆ ಮುಚ್ಚಿದರೆ, ಆ ಮರೆಯಲ್ಲೇ ಹೊಸ ಮುದ್ದೆ ತಂದು ಲೂಪ್ ಸೇರಿಸಬಹುದು. ಇದನ್ನು ನೋಡಿದ ಯಾವ ಸ್ಟುಡಿಯೋದವರಿಗೂ ನಿಮ್ಮ ಕೈ ಎಂಥದ್ದು ಅಂತ ಗೊತ್ತಾಗುತ್ತೆ. ಅರೆಮನಸ್ಸಿನ 30 ಸೆಕೆಂಡಿನಿಂದ ಅದು ಗೊತ್ತಾಗೋದಿಲ್ಲ.

ಪ್ರಶ್ನೆ: ನನ್ನ ಶೋರೀಲ್ (ಮಾಡಿದ ಕೆಲಸದ ತುಣುಕುಗಳ ವಿಡಿಯೋ) ನಾಲ್ಕು ನಿಮಿಷ ಇದೆ. ಕಾಲೇಜಿನ ಎಲ್ಲ ಕೆಲಸ ಹಾಕಿದ್ದೇನೆ. ತುಂಬಾ ಕಡೆ ಕಳಿಸಿದೆ, ಉತ್ತರವೇ ಇಲ್ಲ. ಕಲಬುರಗಿಯಲ್ಲಿ ಇರೋದೇ ತಪ್ಪಾ?
– ಓದುಗ, ಕಲಬುರಗಿ

ಊರಿನ ತಪ್ಪು ಖಂಡಿತ ಅಲ್ಲ. ನಾಲ್ಕು ನಿಮಿಷ ಜಾಸ್ತಿ ಆಯ್ತು. ಅರವತ್ತರಿಂದ ತೊಂಬತ್ತು ಸೆಕೆಂಡಿಗೆ ಇಳಿಸಿ. ಸ್ಟುಡಿಯೋದಲ್ಲಿ ರೀಲ್ ನೋಡುವವರು ಒಂದರ ಹಿಂದೆ ಒಂದು ನೋಡುತ್ತಿರುತ್ತಾರೆ. ನಾನೂ ಹಾಗೆ ನೋಡಿದ್ದೇನೆ. ಮೊದಲ ಹತ್ತು ಸೆಕೆಂಡಿನಲ್ಲಿ ನಿಮ್ಮ ಅತ್ಯುತ್ತಮ ಶಾಟ್ ಬರದಿದ್ದರೆ ಉಳಿದದ್ದು ಯಾರ ಕಣ್ಣಿಗೂ ಬೀಳೋದಿಲ್ಲ. ಪುಟಿಯುವ ಚೆಂಡು, ಕಾಲೇಜು ಲೋಗೋ ತಿರುಗುವುದು, ಗುಂಪಿನಲ್ಲಿ ಮಾಡಿದ ಯಾರದ್ದೋ ಶಾಟ್, ಇವೆಲ್ಲ ತೆಗೆಯಿರಿ. ಒಂದೊಂದು ಶಾಟ್‌ನ ಕೆಳಗೂ ನೀವು ಮಾಡಿದ್ದು ಏನು ಅಂತ ಸಣ್ಣದಾಗಿ ಬರೆಯಿರಿ: 'ಡಿಸೈನ್, ಅನಿಮೇಷನ್ ನನ್ನದು, ಬಣ್ಣ ಬೇರೆಯವರದು' ಹೀಗೆ.

ಇನ್ನೊಂದು ಮಾತು. ನಿಮಗೆ ಎಂಥ ಕೆಲಸ ಬೇಕೋ ಅಂಥದ್ದೇ ಒಂದು ರೀಲ್‌ನಲ್ಲಿ ಇರಬೇಕು. ಕನ್ನಡ ಸಿನಿಮಾ ಹಾಡಿನ ಲಿರಿಕಲ್ ವಿಡಿಯೋ ಬೇಕಾ? ನಿಮಗಿಷ್ಟದ ವಚನವೊಂದನ್ನು ಸ್ನೇಹಿತರ ಹತ್ತಿರ ಹಾಡಿಸಿ 20 ಸೆಕೆಂಡ್ ಮಾಡಿ. ಆರೋಗ್ಯ, ಕೃಷಿ ಕ್ಷೇತ್ರದ ಸಂಸ್ಥೆಗಳ ಮಾಹಿತಿ ವಿಡಿಯೋ ಬೇಕಾ? ತೊಗರಿಗೆ ಕಾಯಿಕೊರಕ ಹುಳ ಹೇಗೆ ಬರುತ್ತೆ ಅಂತ ಒಂದು ನಿಮಿಷದಲ್ಲಿ ತೋರಿಸಿ. ಕಲಬುರಗಿಯವರು ನೀವು, ಬೆಂಗಳೂರಿನ ಹುಡುಗರಿಗಿಂತ ತೊಗರಿ ಹೊಲ ನಿಮಗೆ ಚೆನ್ನಾಗಿ ಗೊತ್ತಿರುತ್ತೆ. ಅಂಥ ರೀಲ್ ಅದೇ ಕ್ಷೇತ್ರದ ಸಂಸ್ಥೆಯವರ ಮೇಲ್‌ಗೆ ಹೋದಾಗ ಉತ್ತರ ಬರುವ ಸಾಧ್ಯತೆ ಹೆಚ್ಚು.

ಹೊರಗಿನವರಿಗೆ ಮಾಡಿದ ಕೆಲಸ ರೀಲ್‌ಗೆ ಹಾಕುವ ಮುಂಚೆ ಅನುಮತಿ ಇದೆಯಾ ನೋಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಮಾಡಿಸಿಕೊಂಡ ಸಿನಿಮಾ ರೂಪದ ಕೆಲಸಕ್ಕೆ, ಒಪ್ಪಂದದಲ್ಲಿ ಬೇರೆ ಬರೆಯದಿದ್ದರೆ, ಮಾಡಿಸಿದವರೇ ಮೊದಲ ಹಕ್ಕುದಾರರು. ಹಾಗಾಗಿ ಕೊಟೇಶನ್‌ನಲ್ಲೇ ಒಂದು ಸಾಲು ಸೇರಿಸಿ: 'ಬಿಡುಗಡೆಯಾದ ಮೇಲೆ ಈ ಕೆಲಸವನ್ನು ನನ್ನ ಶೋರೀಲ್‌ನಲ್ಲಿ ತೋರಿಸುತ್ತೇನೆ.' ಮೊದಲೇ ಕೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ.

ಪ್ರಶ್ನೆ: ಬೆಂಗಳೂರಿನ ಒಂದು ಕಂಪನಿಗೆ ಎರಡು ನಿಮಿಷದ ಎಕ್ಸ್‌ಪ್ಲೇನರ್ (ವಿಷಯ ವಿವರಿಸುವ) ವಿಡಿಯೋ ಮಾಡಿಕೊಟ್ಟೆ. ನಾಲ್ಕು ತಿಂಗಳಾಯ್ತು, 'ಅಕೌಂಟ್ಸ್‌ಗೆ ಕಳಿಸಿದೀವಿ' ಅಂತಲೇ ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗ, ಹುಬ್ಬಳ್ಳಿ

ಇಂಥ ಪತ್ರ ಓದಿದಾಗ ಹೊಟ್ಟೆ ಉರಿಯುತ್ತೆ. ನಿಮ್ಮಂಥ ಹುಡುಗನ ದುಡ್ಡು ತಡೆದಿಟ್ಟು ಆ ಕಂಪನಿ ಏನು ಗಳಿಸುತ್ತೋ ನನಗಂತೂ ತಿಳಿಯದು.

ಫೋನ್ ಮಾಡೋದು ನಿಲ್ಲಿಸಿ, ಮೇಲ್ ಬರೆಯಿರಿ. ಕೆಲಸ ಒಪ್ಪಿಸಿದ ದಿನ, ಅವರು 'ಅಪ್ರೂವ್ಡ್' ಅಂದ ದಿನ, ಬಿಲ್ ಕಳಿಸಿದ ದಿನ, ಮೂರನ್ನೂ ಸಾಲಾಗಿ ಹಾಕಿ. ಅವರ ಒಪ್ಪಿಗೆಯ ಸಂದೇಶದ ಸ್ಕ್ರೀನ್‌ಶಾಟ್ ಲಗತ್ತಿಸಿ. ಯಾವ ದಿನದೊಳಗೆ ದುಡ್ಡು ಬರಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ನಿಮಗೆ ಕೆಲಸ ಕೊಟ್ಟವರ ಜೊತೆಗೆ ಅಕೌಂಟ್ಸ್ ವಿಭಾಗಕ್ಕೂ ಅದೇ ಮೇಲ್ ಹೋಗಲಿ. ಅದಕ್ಕೂ ಜಗ್ಗದಿದ್ದರೆ ವಕೀಲರ ಹತ್ತಿರ ಒಂದು ನೋಟಿಸ್ ಕೊಡಿಸಿ.

ಮುಂದಿನ ಕೆಲಸ ಹಿಡಿಯುವ ಮುಂಚೆ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಬಹುದು. ಪೂರ್ತಿ ಉಚಿತ. ಯಾರಾದರೂ ಸಾವಿರ, ಎರಡು ಸಾವಿರ ಕೇಳಿದರೆ ಕೊಡಬೇಡಿ. ಇದರಿಂದ ಏನು ಲಾಭ ಅಂದರೆ, ಒಬ್ಬರೇ ಕೂತು ಅನಿಮೇಷನ್ ಮಾಡುವ ನೀವೂ ಕಾನೂನಿನ ಕಣ್ಣಿಗೆ ಒಂದು ಕಿರು ಉದ್ಯಮ ಆಗುತ್ತೀರಿ. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ನಿಮ್ಮ ಬಿಲ್ ತೀರಿಸೋಕೆ ಬರವಣಿಗೆಯ ಒಪ್ಪಂದ ಇದ್ದರೆ ಜಾಸ್ತಿ ಅಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅದು ದಾಟಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಿಮ್ಮದು. ದೂರನ್ನು ಆನ್‌ಲೈನ್‌ನಲ್ಲೇ ಇಂಥ ಬಾಕಿಯ ವ್ಯಾಜ್ಯ ನೋಡುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಸಲ್ಲಿಸಬಹುದು. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆದಾಯ ತೆರಿಗೆ ನಿಯಮವೂ ನಿಮ್ಮ ಪರವಾಗಿದೆ. ಕಿರು, ಸಣ್ಣ ಉದ್ಯಮಕ್ಕೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಡದ ಕಂಪನಿ, ಕೊಡುವವರೆಗೂ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ಹೀಗಾಗಿ ಬಿಲ್‌ನ ತಲೆಯಲ್ಲಿ ಉದ್ಯಮ್ ಸಂಖ್ಯೆ ಕಂಡರೆ ಅಕೌಂಟೆಂಟ್‌ಗಳು ತಾವಾಗೇ ದಿನಾಂಕ ನೋಡುತ್ತಾರೆ. ಆದರೆ ನೋಂದಣಿ ಕೆಲಸಕ್ಕಿಂತ ಮುಂಚೆ ಆಗಿರಬೇಕು. ಹಳೆಯ ಬಾಕಿಗೆ ಇದು ಹಿಂದಕ್ಕೆ ಹೋಗಿ ಅನ್ವಯವಾಗೋದಿಲ್ಲ.

ಎಷ್ಟೇ ಕಾನೂನು ಇದ್ದರೂ ಮುಂಗಡದಷ್ಟು ಭದ್ರ ಯಾವುದೂ ಇಲ್ಲ. ನನ್ನ ಪದ್ಧತಿ ಹೇಳುತ್ತೇನೆ. ಶುರುವಿಗೆ ಅರ್ಧ, ಅನಿಮ್ಯಾಟಿಕ್ ಒಪ್ಪಿದಾಗ ಕಾಲು, ಕೊನೆಯ ಫೈಲ್ ಕೊಡುವ ಮುಂಚೆ ಉಳಿದ ಕಾಲು. ಅಲ್ಲಿವರೆಗೂ ವಾಟರ್‌ಮಾರ್ಕ್ ಇರುವ ವಿಡಿಯೋ ಮಾತ್ರ ಕಳಿಸುತ್ತೇನೆ. ಅನಿಮ್ಯಾಟಿಕ್ ಹಂತದಲ್ಲಿ 'ಒಪ್ಪಿದ್ದೇವೆ' ಅಂತ ಮೇಲ್‌ನಲ್ಲಿ ಬರೆಸಿಕೊಳ್ಳೋದು ತುಂಬಾ ಮುಖ್ಯ. ಅದಕ್ಕಿಂತ ಮುಂಚೆ ಗ್ರಾಹಕರು ಒಂದು ಶಾಟ್ ಬೇಡ ಅಂದರೆ ಒಂದು ಸ್ಕೆಚ್ ಹೋಯ್ತು ಅಷ್ಟೇ. ಆಮೇಲೆ ಬೇಡ ಅಂದರೆ ಮೂರು ದಿನದ ಕೆಲಸ ಹೋಯ್ತು. ಆ ಮೂರು ದಿನಕ್ಕೆ ದಿನದ ರೇಟಿನಂತೆ ದುಡ್ಡು ಪ್ರತ್ಯೇಕ ಕೊಡಬೇಕು ಅಂತ ಕೊಟೇಶನ್‌ನಲ್ಲೇ ಇರಲಿ.

ಕಂಪನಿಯವರು ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ (ನಿಮ್ಮ ಲೆಕ್ಕದ ಆದಾಯ ತೆರಿಗೆ) ಹಿಡಿದು ಕೊಡುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ನೋಡಿ, ಕಟ್ಟಬೇಕಾದ ತೆರಿಗೆಗಿಂತ ಜಾಸ್ತಿ ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ.

ಪ್ರಶ್ನೆ: ಮಕ್ಕಳ ಕನ್ನಡ ಪದ್ಯಗಳ ಚಾನೆಲ್‌ಗೆ ಕೆಲಸ ಮಾಡುತ್ತಿದ್ದೇನೆ. ಇಂಗ್ಲಿಷ್ ಬಾಯಿ ಚಾರ್ಟ್ (ಯಾವ ಶಬ್ದಕ್ಕೆ ಯಾವ ಬಾಯಿ ಅನ್ನೋ ಪಟ್ಟಿ) ಬಳಸಿ ಲಿಪ್‌ಸಿಂಕ್ (ದನಿಗೆ ತುಟಿ ಹೊಂದಿಸೋದು) ಮಾಡಿದರೆ ಡಬ್ಬಿಂಗ್ ಥರ ಕಾಣುತ್ತೆ. ಕನ್ನಡ ಅಕ್ಷರ ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತೆ.
– ಓದುಗಿ, ಉಡುಪಿ

ಈ ಪ್ರಶ್ನೆಗಾಗಿ ನಾನು ಎಷ್ಟೋ ದಿನದಿಂದ ಕಾಯುತ್ತಿದ್ದೆ!

ಕನ್ನಡಿ ಮುಂದೆ ನಿಂತು 'ಆಮೆ' ಅನ್ನಿ. ಆಮೇಲೆ 'ಅಮ್ಮ' ಅನ್ನಿ. ಎರಡರಲ್ಲೂ ತುಟಿ ಮುಚ್ಚುತ್ತೆ. ಆದರೆ 'ಅಮ್ಮ'ದಲ್ಲಿ ಮುಚ್ಚಿದ ತುಟಿ ಹಾಗೇ ನಿಲ್ಲುತ್ತೆ. ನಾನು 'ಆಮೆ'ಗೆ ಎರಡು ಫ್ರೇಮ್ ಮುಚ್ಚಿಸಿದರೆ 'ಅಮ್ಮ'ಗೆ ನಾಲ್ಕು, ಕೆಲವು ಸಲ ಐದು ಕೊಡುತ್ತೇನೆ. 'ಅಪ್ಪ', 'ಹಬ್ಬ', 'ತಮ್ಮ' ಎಲ್ಲಕ್ಕೂ ಹೀಗೇ. ಕನ್ನಡದ ಒತ್ತು ಬಾಯಿ ಮೇಲೆ ಕಾಣೋದು ಇಲ್ಲೇ. ಇಂಗ್ಲಿಷ್ ಚಾರ್ಟ್ ಹಿಡಿದವರು ತಪ್ಪದೆ ಬಿಟ್ಟುಬಿಡುವ ಜಾಗವೂ ಇದೇ.

ಎರಡನೆಯದು, ನಮ್ಮ ಮಾತುಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಪದ ಮುಗಿದ ಕೂಡಲೇ ಬಾಯಿ ಟಪ್ ಅಂತ ಮುಚ್ಚಿಸಬೇಡಿ. 'ಬಾರೋ' ಅಂದ ಮೇಲೆ ತುಟಿ ದುಂಡಗೆ ಇನ್ನೂ ಸ್ವಲ್ಪ ಹೊತ್ತು ಇರಲಿ. 'ವ'ಗೆ ಇಂಗ್ಲಿಷ್ 'ಎಫ್' ಥರ ಹಲ್ಲು ಊರಿಸಬೇಡಿ, ಕೆಳತುಟಿ ಸುಮ್ನೆ ಹಲ್ಲಿಗೆ ತಾಗಿದರೆ ಸಾಕು. ಳ, ಣ, ಟ ಇವಕ್ಕೆ ನಾಲಿಗೆ ಒಳಗೆ ಮಡಚುತ್ತೆ, ಹೊರಗೆ ಕಾಣೋದಿಲ್ಲ. ಬೇರೆ ಬಾಯಿ ಬರೆಯೋ ಶ್ರಮ ಬೇಡ.

ಮೂರನೆಯದು, ಸ್ಕ್ರಿಪ್ಟ್ ನೋಡಿ ಬಾಯಿ ಹೊಂದಿಸಬೇಡಿ, ದನಿ ಕೇಳಿ ಹೊಂದಿಸಿ. ಹಾಳೆಯಲ್ಲಿ 'ಹೋಗಬೇಕು' ಅಂತ ಇರುತ್ತೆ, ಹಾಡಿದ ಮಗು 'ಹೋಗ್ಬೇಕು' ಅಂದಿರುತ್ತೆ. ಮಧ್ಯದ ಸ್ವರ ಇಲ್ಲ, 'ಗ್' ಆದ ತಕ್ಷಣ 'ಬೇ'ಗೆ ತುಟಿ ಸೇರಬೇಕು. ಒಂದು ಬಾಯಿ ಜಾಸ್ತಿ ಬಿದ್ದರೂ ತೇಲಿದ ಹಾಗೆ ಕಾಣುತ್ತೆ. ಸಾಧ್ಯವಾದರೆ ಹಾಡುವವರ ಮುಖವನ್ನೂ ಫೋನಿನಲ್ಲಿ ಹಿಡಿದುಕೊಳ್ಳಿ.

ಇನ್ನು ಅಕ್ಷರ. ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್‌ನಲ್ಲಿ 'ರಾಷ್ಟ್ರ', 'ಸೂರ್ಯ' ಒಡೆದು ಬಂದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ. ಟೆಕ್ಸ್ಟ್ ಎಂಜಿನ್ ಅನ್ನೋ ಆಯ್ಕೆ ಅಲ್ಲಿದ್ದರೆ ಅದನ್ನು ಲ್ಯಾಟಿನ್‌ನಿಂದ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್‌ಗೆ ಬದಲಿಸಿ, ಹೊಸ ಪ್ರಾಜೆಕ್ಟ್ ತೆರೆದು ಮತ್ತೆ ಟೈಪ್ ಮಾಡಿ. ಅದೂ ಕೈಕೊಟ್ಟರೆ ಇಂಕ್‌ಸ್ಕೇಪ್ ಅನ್ನೋ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಪಾತ್‌ಗೆ (ಗೆರೆಯ ಆಕಾರಕ್ಕೆ) ಬದಲಿಸಿ, ಪಿಡಿಎಫ್ ಮಾಡಿ ತನ್ನಿ. ಗ್ರಾಹಕರು ಹಳೆಯ ನುಡಿ ಫಾಂಟಿನಲ್ಲಿ ಕೊಟ್ಟಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಒಂದೊಂದೇ ಅಕ್ಷರ ಮೂಡಿಬರುವ ರೆಡಿಮೇಡ್ ಎಫೆಕ್ಟ್ ಕನ್ನಡಕ್ಕೆ ಹಾಕಬೇಡಿ. ಅದು 'ಕ್ಕೋ' ಅನ್ನುವುದನ್ನು ಒಂದು ಅಕ್ಷರ ಅಂತ ಕಾಣದೆ ತುಂಡು ತುಂಡಾಗಿ ತೋರಿಸಬಹುದು. ಪದ ಪದವಾಗಿ ಮೂಡಿಸಿ. ಫಾಂಟಿಗೆ ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನೋಟೋ ಇವೆ. ಎಲ್ಲವೂ ಮುಕ್ತ ಪರವಾನಗಿಯವು, ದುಡ್ಡಿನ ಕೆಲಸಕ್ಕೂ ಧೈರ್ಯವಾಗಿ ಬಳಸಬಹುದು. ಮಕ್ಕಳ ಪದ್ಯಕ್ಕೆ ಬಲೂ ತಮ್ಮದ ದುಂಡು ಅಕ್ಷರ ನನಗೆ ತುಂಬಾ ಇಷ್ಟ.

ಕನ್ನಡ ಸರಿಯಾಗಿ ಮಾತಾಡುವ ಪಾತ್ರ, ಕನ್ನಡ ಸರಿಯಾಗಿ ಕಾಣುವ ಅಕ್ಷರ, ಇವೆರಡು ನಿಮ್ಮ ಕೈಯಲ್ಲಿದ್ದರೆ ರೇಟಿನಲ್ಲಿ ಅದನ್ನೂ ಎಣಿಸಿ. ಬರೀ ಚೆಂದಕ್ಕೆ ಮಾಡಿಕೊಡುವ ಉಪಕಾರ ಅಲ್ಲ ಅದು.

ಪ್ರಶ್ನೆ: ಎಐ ಬಂದಿದೆ. ನಾನು ಈ ದಾರಿ ಬಿಡಬೇಕಾ?
– ಓದುಗ, ಮಂಗಳೂರು

ಬಿಡಬೇಡಿ, ಆದರೆ ಕಣ್ಣು ತೆರೆದಿರಿ. ರೆಡಿಮೇಡ್ ಗೊಂಬೆ ಜೋಡಿಸಿ ಮಾಡುತ್ತಿದ್ದ ಅಗ್ಗದ ವಿಡಿಯೋ ಕೆಲಸ ನನ್ನ ಸುತ್ತ ಕಡಿಮೆ ಆಗುತ್ತಿದೆ. ಅದನ್ನೇ ನಂಬಿಕೊಂಡವರಿಗೆ ಕಷ್ಟ. ಆದರೆ ಗ್ರಾಹಕರು ಈಗ ಎಐ ಕ್ಲಿಪ್ ತಗೊಂಡು ನನ್ನ ಹತ್ತಿರ ಬರುತ್ತಿದ್ದಾರೆ. ಎರಡನೇ ಶಾಟ್‌ನಲ್ಲಿ ಅಜ್ಜಿ ಸೀರೆ ಬಣ್ಣ ಬದಲಾಗಿದೆ, ಮೂರನೆಯದರಲ್ಲಿ ಮೂಗುತಿ ಇನ್ನೊಂದು ಕಡೆ ಹೋಗಿದೆ, ಸರಿ ಮಾಡಿಕೊಡಿ ಅಂತ. ಅಂಥ ಕೆಲಸಕ್ಕೆ ಸೆಕೆಂಡಿನ ಲೆಕ್ಕದಲ್ಲಿ ರೇಟು ಹೇಳಬೇಡಿ, ದಿನದ ಲೆಕ್ಕದಲ್ಲೇ ಹೇಳಿ. ಎಷ್ಟೋ ಸಲ ಹೊಸದಾಗಿ ಬರೆಯೋದೇ ಬೇಗ ಆಗುತ್ತೆ.

ಪ್ರಶ್ನೆ: ನನ್ನ ಮಗ ಕಲಾ ಶಾಲೆ ಮುಗಿಸಿ ಮನೆಯಿಂದಲೇ ಅನಿಮೇಷನ್ ಮಾಡುತ್ತೇನೆ ಅನ್ನುತ್ತಾನೆ. ಎರಡು ಲಕ್ಷದ ಕಂಪ್ಯೂಟರ್ ಕೇಳುತ್ತಿದ್ದಾನೆ. ಕೊಡಿಸಬೇಕಾ, ಇಲ್ಲ ಬೆಂಗಳೂರಿನಲ್ಲಿ ನೌಕರಿಗೆ ಸೇರು ಅನ್ನಲಾ?
– ಓದುಗರು, ಶಿರಸಿ

ನಮಸ್ಕಾರ ಸರ್. ಮಗನ ಮೇಲಿನ ಕಾಳಜಿಯಿಂದ ನೀವೇ ಪತ್ರ ಬರೆದಿದ್ದು ನೋಡಿ ಸಂತೋಷವಾಯ್ತು.

ಒಂದೆರಡು ವರ್ಷ ಸ್ಟುಡಿಯೋದಲ್ಲಿ ಕೆಲಸ ಮಾಡಿದರೆ ಖಂಡಿತ ಒಳ್ಳೆಯದು. ಫೈಲಿಗೆ ಹೆಸರಿಡೋದರಿಂದ ಹಿಡಿದು, ಇನ್ನೊಬ್ಬರ ತಿದ್ದುಪಡಿ ಬೇಸರ ಇಲ್ಲದೆ ತಗೊಳ್ಳೋದು, ಹೇಳಿದ ದಿನಕ್ಕೆ ಒಪ್ಪಿಸೋದು, ಇದೆಲ್ಲ ಅಲ್ಲಿ ಬೇಗ ಬರುತ್ತೆ. ಮುಂದೆ ಕೆಲಸ ಕೊಡುವವರ ಪರಿಚಯವೂ ಅಲ್ಲೇ ಆಗೋದು. ಆದರೆ ನೌಕರಿ ಅಂದರೆ ಭದ್ರ ಅಂತ ಈ ಕ್ಷೇತ್ರದಲ್ಲಿ ಹೇಳೋಕಾಗಲ್ಲ. 2025ರ ಫೆಬ್ರವರಿಯಲ್ಲಿ ಸಿನಿಮಾ ಗ್ರಾಫಿಕ್ಸ್, ಅನಿಮೇಷನ್ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಮುಚ್ಚಿಕೊಂಡಾಗ ಬೆಂಗಳೂರಿನಲ್ಲೂ ಅಪಾರ ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ವರ್ಷಗಳ ಅನುಭವ ಇದ್ದವರು ಆಗ ಫ್ರೀಲಾನ್ಸ್‌ಗೆ ಬಂದರು. ಅಂದರೆ ನಿಮ್ಮ ಮಗ ಎಲ್ಲಿದ್ದರೂ ಸ್ವಂತವಾಗಿ ಕೆಲಸ ಹಿಡಿಯೋದು, ಬಿಲ್ ಮಾಡೋದು ಕಲಿತಿರಲೇಬೇಕು. ಅವನು ಮನೆಯಲ್ಲೇ ಶುರು ಮಾಡುತ್ತಾನೆ ಅಂದರೆ ಒಂದು ವರ್ಷ ಕೊಡಿ. ತಿಂಗಳ ಕೊನೆಯಲ್ಲಿ ಒಂದು ಪುಸ್ತಕ ತೋರಿಸು ಅನ್ನಿ: ಎಷ್ಟು ಜನಕ್ಕೆ ಕೊಟೇಶನ್ ಕಳಿಸಿದ, ಎಷ್ಟು ದಿನ ದುಡಿದ, ಎಷ್ಟು ಬಂತು, ಎಷ್ಟು ಬಾಕಿ. ಅವನ ಚಿತ್ರ ಚೆನ್ನಾಗಿದೆಯಾ ಅಂತ ನೀವು ನೋಡಬೇಕಾಗಿಲ್ಲ, ಪುಸ್ತಕ ನೋಡಿ. ಮತ್ತೆ, ಅವನು ಕೂತು ಬರೆಯುತ್ತಿರುವಾಗ 'ಮನೇಲೇ ಇದ್ದಾನಲ್ಲ' ಅಂತ ಪೇಟೆಗೆ, ತೋಟಕ್ಕೆ ಕಳಿಸಬೇಡಿ. ಅದು ಅವನ ಆಫೀಸು.

ಎರಡು ಲಕ್ಷ ಈಗ ಬೇಡ. ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಜ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್ ಮೂರೂ ಉಚಿತ. 2025ರಲ್ಲಿ ಅನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಪಡೆದ ಲಾಟ್ವಿಯಾದ 'ಫ್ಲೋ' ಪೂರ್ತಿ ಬ್ಲೆಂಡರ್‌ನಲ್ಲೇ ಆಗಿದ್ದು. ಅವನು ಕೈಯಲ್ಲಿ ಬರೆಯುವ ಟುಡಿ ಮಾಡುತ್ತಾನಾ, ತ್ರೀಡಿನಾ ಕೇಳಿ. ಟುಡಿ ಆದರೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಸಾಧಾರಣ ಡೆಸ್ಕ್‌ಟಾಪ್, ಅದಕ್ಕೆ 32 ಜಿಬಿ ರ್‍ಯಾಮ್, ಒಂದು ಪೆನ್ ಟ್ಯಾಬ್ಲೆಟ್ ಸಾಕು. ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದರೆ ಮುಂದೆ ಕಾರ್ಡ್ ಸೇರಿಸೋಕೂ ಜಾಗ ಇರುತ್ತೆ. ತ್ರೀಡಿ ಅಂದರೆ, ಕಾರ್ಡ್ ಕೊಳ್ಳುವಷ್ಟು ಮುಂಗಡ ಬಂದ ದಿನ ಅವನೇ ಕೊಳ್ಳಲಿ.

ನೀವು ದುಡ್ಡು ಹಾಕಲೇಬೇಕಾದ ಎರಡು ಸಾಮಾನಿವೆ. ಒಂದು, ಕೆಲಸ ಎತ್ತಿಡೋಕೆ ಬೇರೆ ಹಾರ್ಡ್ ಡಿಸ್ಕ್. ಇನ್ನೊಂದು ಯುಪಿಎಸ್. ಶಿರಸಿ ಮಳೆಗಾಲದಲ್ಲಿ ಕರೆಂಟು ಹೇಗೆ ಹೋಗುತ್ತೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ರೆಂಡರ್ (ಕಂಪ್ಯೂಟರ್ ಕೊನೆಯ ಚಿತ್ರ ತಯಾರಿಸೋದು) ಅರ್ಧದಲ್ಲಿ ನಿಂತರೆ ಮತ್ತೆ ಮೊದಲಿಂದ ಹಾಕಬೇಕಾಗಬಹುದು. ಹಾಗಾಗಿ ವಿಡಿಯೋ ಬದಲು ಫ್ರೇಮ್ ಫ್ರೇಮ್ ಆಗಿ ಚಿತ್ರದ ಫೈಲ್‌ಗೆ ರೆಂಡರ್ ಮಾಡು ಅಂತಲೂ ಅವನಿಗೆ ಹೇಳಿ. ನಿಂತಲ್ಲಿಂದಲೇ ಮುಂದುವರಿಸಬಹುದು.